ಅಬಕಾರಿ ಸಾಲ್ಯಾನರ ಮಗಳ ಗಿಡ

ಕರುಣಾಕರ ಸಾಲ್ಯಾನರು ಸುಳ್ಳು ಹೇಳುವ ಪೈಕಿ ಅಲ್ಲ. ಅಬಕಾರಿ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು, ಸುಳ್ಳು ಹೇಳುವವರನ್ನು ಹಿಡಿಯುವುದನ್ನೇ ಕಸುಬು ಮಾಡಿಕೊಂಡಿದ್ದ ಮನುಷ್ಯ. ಹಾಗಿದ್ದೂ ಸಿಡ್ನಿಯ ಲಿವರ್‌ಪೂಲಿನಲ್ಲಿ ಮಗ ರಿತೇಶನ ಮನೆಗೆ ಬಂದು ನೆಲೆಸಿದ ಮೇಲೆ, ಬೆಳಗಿನ ವಾಕಿಂಗಿನಲ್ಲಿ ಜೊತೆಯಾದ ಪಂಚಾಕ್ಷರಯ್ಯನವರ ಮುಂದೆ ಒಂದು ಸುಳ್ಳು ಹೇಳಿಬಿಟ್ಟರು. ಮಗಳು ಸುಪ್ರೀತಾ ಮೆಲ್ಬರ್ನಿನಲ್ಲಿ ಏನು ಮಾಡುತ್ತಾಳೆ ಎಂದು ಅವರು ಕೇಳಿದ್ದಕ್ಕೆ "ಔಷಧಿ ಕಂಪನಿಯಲ್ಲಿದ್ದಾಳೆ" ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಪಂಚಾಕ್ಷರಯ್ಯನವರು ದಾವಣಗೆರೆ ಕಡೆ ಹೈಸ್ಕೂಲು ಹೆಡ್‌ಮಾಸ್ಟರಾಗಿ ರಿಟೈರಾದವರು. ಅರ್ಧ ಉತ್ತರಕ್ಕೆ ಪೂರ್ತಿ ಮಾರ್ಕು ಕೊಟ್ಟು ಅಭ್ಯಾಸವಿಲ್ಲ. "ಯಾವ ಔಷಧಿ?" ಎಂದರು. "ಕೆಮ್ಮಿನದ್ದು" ಎಂದು ಸಾಲ್ಯಾನರ ಬಾಯಿಂದ ಬಂದುಹೋಯಿತು.

ಸುಪ್ರೀತಾ ಬೆಳೆಸುತ್ತಿದ್ದದ್ದು ಗಾಂಜಾ.

ಕದ್ದುಮುಚ್ಚಿ ಅಲ್ಲ. ಸರ್ಕಾರದ ಲೈಸೆನ್ಸ್ ಪಡೆದ ಕಂಪನಿ, ದೊಡ್ಡದೊಂದು ಗಾಜಿನ ಮನೆ, ಸುತ್ತ ಎರಡಾಳೆತ್ತರದ ಬೇಲಿ, ಮೂಲೆಮೂಲೆಗೂ ಕ್ಯಾಮೆರಾ. ಡಾಕ್ಟರು ಚೀಟಿ ಬರೆದುಕೊಟ್ಟ ರೋಗಿಗಳಿಗೆ ಎಣ್ಣೆ ತೆಗೆಯಲು ಅಲ್ಲಿ ಗಿಡ ಬೆಳೆಸುತ್ತಾರೆ. ತೋಟಗಾರಿಕೆ ಓದಲೆಂದು ಬಂದ ಸುಪ್ರೀತಾ, ಅಲ್ಲೇ ಕಾಯಂ ನೆಲೆಸುವ ಪಿಆರ್ ಸಿಕ್ಕ ಮೇಲೆ ಅಲ್ಲಿ ಸೇರಿ, ಈಗ ಸಸಿಗಳ ವಿಭಾಗಕ್ಕೆಲ್ಲ ಅವಳೇ ಮುಖ್ಯಸ್ಥೆ. ಬೇರೆ ಯಾವ ಅಪ್ಪನಾದರೂ ಊರಿಗೆಲ್ಲ ಸಾರುತ್ತಿದ್ದ. ಸಾಲ್ಯಾನರ ಕಷ್ಟ ಬೇರೆ ತರಹದ್ದು. ಅವರು ತಮ್ಮ ಸರ್ವೀಸಿನ ಬಹುಪಾಲನ್ನು ಘಟ್ಟದ ಮೇಲಿನ ತಾಲೂಕುಗಳಲ್ಲಿ ಗಾಂಜಾ ಗಿಡ ಕೀಳುತ್ತಲೇ ಕಳೆದಿದ್ದರು. ರಿತೇಶನ ಮನೆಯ ಹಾಲ್‌ನಲ್ಲಿ ಇವತ್ತಿಗೂ ಒಂದು ಫೋಟೋ ಇದೆ: ಕಿತ್ತ ಗಿಡಗಳ ಗುಡ್ಡೆಯ ಹಿಂದೆ ಯೂನಿಫಾರ್ಮಿನಲ್ಲಿ ಎದೆಯುಬ್ಬಿಸಿ ನಿಂತ ಸಾಲ್ಯಾನರು. ಪೇಪರಿನಲ್ಲಿ ಬಂದದ್ದು. ಬಟ್ಟೆಗಳ ನಡುವೆ ಸುತ್ತಿ ಸೂಟ್‌ಕೇಸಿನಲ್ಲಿ ಸಮುದ್ರ ದಾಟಿಸಿದ್ದರು.

ಆ ಫೋಟೋ ನೋಡಿದವರಿಗೆಲ್ಲ ಅವರು ಒಂದೇ ಸಂಗತಿ ತೋರಿಸುತ್ತಿದ್ದರು. ಗಿಡಗಳೆಲ್ಲ ಬೇರು ಸಮೇತ ಇವೆ, ಒಂದರ ಬೇರೂ ಮುರಿದಿಲ್ಲ. ಕತ್ತರಿಸಿ ತಂದ ಗಿಡ ಪಂಚನಾಮೆಗೆ ಆಗುವುದಿಲ್ಲ ಎಂಬುದು ಅವರ ಹಠ. "ಇದು ಎಲ್ಲಿಂದಲೋ ತಂದ ಸೊಪ್ಪು" ಎಂದು ಎದುರು ವಕೀಲ ಹೇಳಿದರೆ ಕೇಸು ಬಿದ್ದುಹೋಗುತ್ತದೆ, ಬೇರಿಗೆ ಅಂಟಿದ ಮಣ್ಣು ಇದ್ದರೆ ವಕೀಲನ ಬಾಯಿ ಮುಚ್ಚುತ್ತದೆ. ಅದಕ್ಕಾಗಿ ಅವರು ಒಂದು ಕ್ರಮ ಮಾಡಿಕೊಂಡಿದ್ದರು. ದಂಟು ಹಿಡಿದು ಎಳೆಯುವಂತಿಲ್ಲ. ಸುತ್ತ ಮಣ್ಣು ಸಡಿಲಿಸಿ, ದಂಟನ್ನು ಎರಡು ಬೆರಳಿನ ನಡುವೆ ಹಾಯಿಸಿ, ಅಂಗೈಯನ್ನು ಮಣ್ಣಿಗೆ ಒತ್ತಿ, ಇನ್ನೊಂದು ಕೈಯಿಂದ ಅಡಿಯಿಂದ ಎತ್ತಬೇಕು. ಕಾನ್‌ಸ್ಟೇಬಲುಗಳು ಹಿಂದಿನಿಂದ ನಗುತ್ತಿದ್ದರು, ಇವರು ಕೀಳುವುದಕ್ಕೆ ಬಂದವರೋ ಮದುವೆ ದಿಬ್ಬಣಕ್ಕೆ ಕರೆದೊಯ್ಯಲು ಬಂದವರೋ ಎಂದು. ರಜೆಯಲ್ಲಿ ಮನೆಗೆ ಬಂದಾಗ ಅಂಗಳದ ಕಳೆ ಕೀಳಲು ಪುಟ್ಟ ಸುಪ್ರೀತಾಳಿಗೂ ಅದನ್ನೇ ಕಲಿಸಿದ್ದರು. ಬೇರು ಮುರಿದರೆ ಮತ್ತೆ ಚಿಗುರುತ್ತದೆ ಎಂಬ ಕಾರಣಕ್ಕೆ.

ಹೀಗಾಗಿ ಮಗಳು ಫೋನಿನಲ್ಲಿ ಕೆಲಸದ ವಿಷಯ ಹೇಳಿದ ದಿನ ಅವರು ಅವಳೊಂದಿಗೆ ಮಾತು ಬಿಟ್ಟರು. ಮಾತು ಮತ್ತೆ ಶುರುವಾಗಲು ಹೆಂಡತಿ ವಿನೋದಾ ಬೇಕಾಯಿತು. ಆಕೆ ಬಸಳೆ ಹೆಚ್ಚುತ್ತಾ ಹೇಳಿದ್ದು ಇಷ್ಟೆ: "ನಿಮ್ಮ ಸರ್ಕಾರ ಕೀಳಿ ಅಂತ ಸಂಬಳ ಕೊಟ್ಟಿತು, ಈ ಸರ್ಕಾರ ಬೆಳೆಸಿ ಅಂತ ಹೇಳ್ತದೆ. ಅವಳೆಂತ ಕದ್ದು ಬೆಳೆಸುವುದಾ?" ಆ ಸಂಜೆಯೇ ಸಾಲ್ಯಾನರು ಮಗಳಿಗೆ ಫೋನ್ ಮಾಡಿದರು. ಮಾತು ಶುರುವಾಯಿತು. ಆದರೆ ಹೊರಗೆ ಯಾರಿಗೂ ಹೇಳಕೂಡದು ಎಂದು ಮನೆಮಂದಿಗೆಲ್ಲ ತಾಕೀತು ಮಾಡಿದರು. ಗಾಂಜಾ ಸಾಲ್ಯಾನ್ ಎಂದು ಜನ ಕರೆದರೆ ತಮ್ಮ ಸರ್ವೀಸಿನ ಮರ್ಯಾದೆಯೆಲ್ಲ ಮಣ್ಣುಪಾಲು ಎಂಬ ಅಂಜಿಕೆ.

ಸುಳ್ಳಿಗೆ ಕಾಲು ಬಂದದ್ದು ಅಲ್ಲಿನ ಆಗಸ್ಟಿನ ಚಳಿಯಲ್ಲಿ. ಕಂಪನಿಯಲ್ಲಿ ಕೆಲಸದವರ ಮನೆಯವರನ್ನು ಕರೆದು ತೋರಿಸುವ ದಿನವಿದೆ, ಬರಲೇಬೇಕು ಎಂದು ಸುಪ್ರೀತಾ ಟಿಕೆಟ್ ಬುಕ್ ಮಾಡಿಬಿಟ್ಟಿದ್ದಳು. ಇವರು ಮೆಲ್ಬರ್ನಿಗೆ ಹೊರಟ ವಿಷಯ ಪಂಚಾಕ್ಷರಯ್ಯನವರಿಗೆ ತಿಳಿಯಿತು. ಅವರಿಗೆ ವಾರಗಟ್ಟಲೆಯಿಂದ ಬಿಡದ ಕೆಮ್ಮು.

"ಸಾಲ್ಯಾನ್ರೇ, ಬರೋವಾಗ ನಿಮ್ಮ ಮಗಳ ಕಂಪನಿದು ಒಂದು ಬಾಟ್ಲಿ ಕೆಮ್ಮಿನ ಸಿರಪ್ ತಗೊಂಡ್ಬನ್ನಿ. ಇಲ್ಲಿಂದೆಲ್ಲಾ ಕುಡಿದು ನೋಡ್ದೆ, ಏನೂ ಹತ್ತಲ್ಲ. ನಮ್ಮ ಹುಡುಗಿ ಮಾಡಿದ್ದು ಅಂದ್ರೆ ಅದರ ಗುಣಾನೇ ಬೇರೆ ಇರುತ್ತೆ."

ಸಾಲ್ಯಾನರು "ತರುವ, ತರುವ" ಎಂದರು.

ಮೆಲ್ಬರ್ನಿನ ಏರ್‌ಪೋರ್ಟಿಗೆ ಸುಪ್ರೀತಾ ಬಂದಿದ್ದಳು. ಕ್ರಾನ್‌ಬರ್ನಿನ ಅವಳ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಮುಖ ಇಳಿದಿತ್ತು. ಮನೆಗೆ ಬಂದು ಚಹಾ ಆದ ಮೇಲೆ ವಿನೋದಾ ಒಂದು ಚೊಂಬು ನೀರು ಹಿಡಿದು ಹಿತ್ತಿಲಿನ ಕರಿಬೇವಿನ ಕುಂಡದ ಕಡೆ ಹೊರಟರು. ಸುಪ್ರೀತಾ ಓಡಿಹೋಗಿ ಚೊಂಬು ಕಸಿದುಕೊಂಡಳು.

"ಅಮ್ಮ, ಪ್ಲೀಸ್. ಮಣ್ಣು ಒದ್ದೆ ಉಂಟು. ಕಳೆದ ಸಲ ನೀವು ದಿನಾ ನೀರು ಹಾಕಿಯೇ ತುಳಸಿ ಸತ್ತದ್ದು."

"ಗಿಡಕ್ಕೆ ನೀರು ಹಾಕದೆ ಮತ್ತೆಂತ ಹಾಕುವುದು?" ಎಂದರು ವಿನೋದಾ. ಸ್ನಾನ ಮಾಡಿ ತುಳಸಿಗೆ ನೀರು ಎರೆಯದೆ ಅವರು ಕಾಫಿ ಕುಡಿದವರಲ್ಲ. ನೀರು ಹೆಚ್ಚಾಗಿ ಗಿಡ ಸಾಯುತ್ತದೆ ಎಂಬುದನ್ನು ಅವರು ಮಗಳ ಹೊಸ ಹುಚ್ಚು ಎಂದೇ ತಿಳಿದಿದ್ದರು.

ಆಗಲೇ ಮಗಳ ಒಳಗಿದ್ದದ್ದು ಹೊರಬಂದದ್ದು. ಗಾಜಿನ ಮನೆಯಲ್ಲಿ ಒಂದು ತಾಯಿ ಗಿಡವಿದೆ. ಅದರ ಕೊಂಬೆ ಕತ್ತರಿಸಿ ನೆಟ್ಟರೆ ಬರುವ ಮರಿಗಳೆಲ್ಲ ಒಂದೇ ಗುಣದವು, ಎಣ್ಣೆಯೂ ಒಂದೇ ಗುಣದ್ದು. ಆ ತಳಿಯನ್ನು ಆರಿಸಿ, ಜತನ ಮಾಡಿ, ವರ್ಷಗಟ್ಟಲೆ ಕಾಪಾಡಿದವಳು ಸುಪ್ರೀತಾ. ಅಲ್ಲಿ ಎಲ್ಲರೂ ಅದನ್ನು ಅವಳ ಹೆಸರಿನಿಂದಲೇ ಕರೆಯುತ್ತಾರಂತೆ. ಈಗ ಆ ಗಿಡ ಜೋತುಬಿದ್ದಿದೆ. ಎಲೆ ಹಳದಿಯಾಗಿದೆ, ಈ ಸಲ ಕತ್ತರಿಸಿ ನೆಟ್ಟ ಕೊಂಬೆಗಳು ಒಂದೂ ಬೇರು ಬಿಟ್ಟಿಲ್ಲ. ರೋಗವಿರಬೇಕು, ಬೇರೆ ಗಿಡಗಳಿಗೆ ಹರಡುವ ಮೊದಲು ನಾಶ ಮಾಡೋಣ ಎಂದು ಮ್ಯಾನೇಜರ್ ಹೆಲೆನ್ ಹೇಳಿದ್ದಾಳೆ. ಹಿಂದಿನ ಮರಿಗಳೆಲ್ಲ ಕೊಯ್ಲಾಗಿ ಮುಗಿದಿವೆ, ಈ ಗಿಡ ಹೋದರೆ ತಳಿಯೇ ಹೋದ ಹಾಗೆ.

"ನಾಳೆ ಒಂದು ಚಾನ್ಸ್ ಕೊಟ್ಟಿದ್ದಾರೆ ಪಪ್ಪ. ರೋಗ ಅಲ್ಲ, ಬೇರಿನ ಪ್ರಾಬ್ಲೆಮ್ ಅಂತ ನಾನು ಹೇಳಿದ್ದೇನೆ. ಬೇರೆ ಮಣ್ಣಿಗೆ ಹಾಕಿ ನೋಡುವುದು. ಎರಡು ವಾರದಲ್ಲಿ ಎದ್ದು ನಿಲ್ಲದಿದ್ರೆ ಮುಗೀತು."

"ಬಾಡಿದೆ ಅಂದ್ರೆ ನೀರು ಸಾಕಾಗ್ಲಿಲ್ಲ" ಎಂದರು ಸಾಲ್ಯಾನರು, ಇಲಾಖೆಯ ಗತ್ತಿನಲ್ಲಿ.

"ಅಮ್ಮನ ಹಾಗೆಯೇ ನೀವೂ" ಎಂದು ಮಗಳು ಶೆಡ್ಡಿನಿಂದ ಎರಡು ಕುಂಡ ತಂದಳು. ಒಂದರಲ್ಲಿ ಅಂಗಡಿಯ ನುಣುಪು ಕಪ್ಪು ಮಣ್ಣು. ಕಂಪನಿಗೆ ಈಚೆಗೆ ಬಂದ ಲೋಡೂ ಹೀಗೇ ಇತ್ತಂತೆ. ಇನ್ನೊಂದರಲ್ಲಿ ಅವಳೇ ಬೆರೆಸಿದ್ದು. ತೆಂಗಿನ ನಾರಿನ ಪುಡಿ, ಮರದ ತೊಗಟೆಯ ಚೂರು, ಪರ್ಲೈಟ್ ಎಂಬ ಮಂಡಕ್ಕಿಯಷ್ಟು ಹಗುರವಾದ ಬಿಳಿ ಹರಳು. ಎರಡಕ್ಕೂ ಒಂದೊಂದು ಲೋಟ ನೀರು ಹೊಯ್ದಳು. ಕಪ್ಪು ಮಣ್ಣಿನ ಮೇಲೆ ನೀರು ನಿಂತೇ ಇತ್ತು. ಇನ್ನೊಂದರಲ್ಲಿ ಸರ್ರನೆ ಇಳಿದು ಅಡಿಯ ತೂತಿನಿಂದ ಹೊರಗೆ ಬಂತು.

"ನೀರು ಬಸಿದು ಹೋದ ಜಾಗಕ್ಕೆ ಗಾಳಿ ಬರ್ತದೆ. ಗಾಳಿ ಇಲ್ಲದಿದ್ರೆ ಬೇರು ಕೊಳೀತದೆ, ಕೊಳೆತ ಬೇರು ನೀರು ಕುಡಿಯುವುದಿಲ್ಲ. ಅದಕ್ಕೆ ನೀರಲ್ಲಿ ನಿಂತುಕೊಂಡೇ ಬಾಡುವುದು."

ವಿನೋದಾ ಕರಿಬೇವಿನ ಕುಂಡವನ್ನು ಒಮ್ಮೆ ನೋಡಿದರು, ಚೊಂಬನ್ನು ಒಮ್ಮೆ ನೋಡಿದರು, ಒಳಗೆ ಹೋದರು. ಸಾಲ್ಯಾನರು ಬಿಳಿ ಹರಳುಗಳನ್ನು ಬೆರಳಲ್ಲಿ ಉಜ್ಜುತ್ತಾ ಅಲ್ಲೇ ಕೂತಿದ್ದರು. ಅವರಿಗೆ ಏನೋ ನೆನಪಾಗುತ್ತಿತ್ತು, ಏನೆಂದು ಹೊಳೆಯಲಿಲ್ಲ. ಆಮೇಲೆ ಅಂಗಡಿಗೆ ಹೋಗಿಬರುವ ನೆಪ ಮಾಡಿ, ಕೆಮಿಸ್ಟಿನಲ್ಲಿ ಒಂದು ಬಾಟಲಿ ಕೆಮ್ಮಿನ ಸಿರಪ್ ಕೊಂಡು ಸೂಟ್‌ಕೇಸಿನ ತಳಕ್ಕೆ ಸೇರಿಸಿದರು. ಸುಳ್ಳನ್ನು ಕೊನೆಯವರೆಗೂ ಸಾಕಿಬಿಡುವುದು ಎಂದು ತೀರ್ಮಾನವಾಗಿತ್ತು.

ಮರುದಿನ ಕಂಪನಿಯ ಗೇಟಿನಲ್ಲಿ ಅವರ ಪಾಸ್‌ಪೋರ್ಟ್ ನೋಡಿದರು, ಮೊದಲೇ ಆಗಿದ್ದ ಪೊಲೀಸ್ ಚೆಕ್ಕಿನ ಕಾಗದ ನೋಡಿದರು, ಮೊಬೈಲು ಇಸಿದಿಟ್ಟುಕೊಂಡರು, ಮೇಲಂಗಿ ತೊಡಿಸಿ ಬೂಟಿಗೆ ಚೀಲ ಹಾಕಿಸಿದರು. ಜೀವಮಾನವಿಡೀ ಬೇರೆಯವರ ಜೇಬು ತಡಕಿದ ಸಾಲ್ಯಾನರು ಕೈ ಎತ್ತಿ ನಿಂತು ತಡಕಿಸಿಕೊಂಡರು. ಬೇಸರವೇನೂ ಆಗಲಿಲ್ಲ. ಬಂದೋಬಸ್ತು ಅಂದರೆ ಹೀಗಿರಬೇಕು ಎಂದು ಮನಸ್ಸಿನಲ್ಲೇ ಮೆಚ್ಚಿದರು.

ಒಳಬಾಗಿಲು ತೆರೆದದ್ದೇ ವಾಸನೆ ಬಂತು. ವಿನೋದಾ ಗಂಡನ ತೋಳು ಹಿಡಿದು ಪಿಸುಗುಟ್ಟಿದರು, "ನಿಮ್ಮ ಹಳೇ ಯೂನಿಫಾರ್ಮಿನ ವಾಸನೆ." ಅದು ನಿಜ. ದಾಳಿ ಮುಗಿಸಿ ಬಂದ ದಿನ ಆಕೆ ಅಂಗಿಯನ್ನು ಬಾವಿಕಟ್ಟೆಯ ಹತ್ತಿರವೇ ಬಿಚ್ಚಿಸುತ್ತಿದ್ದರು. ಇಲ್ಲಿ ಅದೇ ವಾಸನೆ, ಆದರೆ ಆಸ್ಪತ್ರೆಯಷ್ಟು ಶುಚಿಯಾದ ಜಾಗ. ಸಾಲುಸಾಲು ಹಸಿರು ಗಿಡಗಳು, ಒಂದೊಂದಕ್ಕೂ ನಂಬರು. ಸಾಲ್ಯಾನರ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಹೆಲೆನ್ ಎಂಬ ಆ ಮ್ಯಾನೇಜರ್, ನರೆಗೂದಲಿನ ಗಟ್ಟಿ ಹೆಂಗಸು, ಯಾವುದನ್ನೂ ಮುಟ್ಟುವ ಹಾಗಿಲ್ಲ ಎಂದು ನಗುತ್ತಲೇ ಎಚ್ಚರಿಸಿದಳು. ಸಾಲ್ಯಾನರು ಕೈಗಳನ್ನು ಬೆನ್ನ ಹಿಂದೆ ಕಟ್ಟಿದರು. ಗಾಂಜಾ ಗಿಡದ ಮುಂದೆ ಅವರು ಹಾಗೆ ನಿಂತದ್ದು ಅದೇ ಮೊದಲು.

ತಾಯಿ ಗಿಡವನ್ನು ಬೇರೆ ಕೋಣೆಯಲ್ಲಿ ಇರಿಸಿದ್ದರು. ಬಂದವರೆಲ್ಲ ಗಾಜಿನಾಚೆ ನಿಂತು ನೋಡಬೇಕು, ಬಾಗಿಲು ಮಾತ್ರ ತೆರೆದಿತ್ತು. ಎದೆಯೆತ್ತರದ ಗಿಡ, ಕೊಂಬೆಗಳೆಲ್ಲ ಕೆಳಗೆ ಬಿದ್ದಿವೆ. ಸುಪ್ರೀತಾ ಮೊಣಕಾಲೂರಿ ಕುಂಡದ ಅಡಿ ನೋಡಿದಳು. ತೂತುಗಳಿಂದ ಬೇರು ಹೊರಬಂದು ಕುಂಡವನ್ನು ಕಚ್ಚಿಕೊಂಡಿತ್ತು. ಅವಳ ಜೊತೆ ಕೆಲಸ ಮಾಡುವ ಲಿಯಾಮ್ ಎಂಬ ದೈತ್ಯ ಮನುಷ್ಯ ಸಹಾಯಕ್ಕೆಂದು ಬಂದವನೇ ದಂಟಿನ ಬುಡಕ್ಕೆ ಎರಡೂ ಕೈ ಹಾಕಿದ.

ಎಳೆಯಬೇಡ ಎಂದು ಸಾಲ್ಯಾನರು ತುಳುವಿನಲ್ಲಿ ಗದರಿದರು. ಅದೇ ಕ್ಷಣದಲ್ಲಿ ಸುಪ್ರೀತಾ ಅದೇ ಮಾತನ್ನು ಇಂಗ್ಲಿಷಿನಲ್ಲಿ ಗದರಿದಳು. ಇಬ್ಬರ ದನಿಯೂ ಒಂದೇ ಎತ್ತರದ್ದು. ಲಿಯಾಮ್ ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿದ.

ಆಮೇಲೆ ಮಗಳು ಮಾಡಿದ್ದನ್ನು ಸಾಲ್ಯಾನರು ಕಣ್ಣು ಮಿಟುಕಿಸದೆ ನೋಡಿದರು. ತೂತಿನಿಂದ ಬಂದ ಬೇರುಗಳನ್ನು ಚೊಕ್ಕವಾಗಿ ಕತ್ತರಿಸಿದಳು. ಕುಂಡವನ್ನು ಮಗ್ಗುಲಿಗೆ ಮಲಗಿಸಿ ಅತ್ತಿತ್ತ ಉರುಳಿಸಿ, ಅಂಚಿಗೆ ಸುತ್ತಲೂ ತಟ್ಟಿ ಮಣ್ಣು ಸಡಿಲಿಸಿದಳು. ದಂಟನ್ನು ಎರಡು ಬೆರಳಿನ ನಡುವೆ ಹಾಯಿಸಿ, ಅಂಗೈಯನ್ನು ಮಣ್ಣಿಗೆ ಒತ್ತಿ ಹಿಡಿದು, ಕುಂಡವನ್ನು ಮೆಲ್ಲಗೆ ಈಚೆಗೆ ಎಳೆಯಲು ಲಿಯಾಮನಿಗೆ ಹೇಳಿದಳು. ಕುಂಡ ಕಳಚಿತು. ಗಿಡ ಬೇರು ಸಮೇತ ಅವಳ ಕೈಯಲ್ಲಿತ್ತು.

ಆ ಕೈ ನನ್ನದು, ಎಂದು ಸಾಲ್ಯಾನರಿಗೆ ಅನ್ನಿಸಿತು. ಬೆರಳು ಇಟ್ಟ ರೀತಿ, ಮಣಿಕಟ್ಟು ತಿರುಗಿಸಿದ ರೀತಿ, ಎಲ್ಲ ಅವರದ್ದೇ. ಪಕ್ಕದಲ್ಲಿದ್ದ ವಿನೋದಾಗೆ ತಮ್ಮ ಮುಖ ಕಾಣಬಾರದೆಂದು ಅವರು ಚಾವಣಿಯ ದೀಪ ನೋಡತೊಡಗಿದರು.

ಬೇರಿನ ಕೆಳಭಾಗ ಕಂದುಬಣ್ಣಕ್ಕೆ ತಿರುಗಿ ಚರಂಡಿಯ ನಾತ ಹೊಡೆಯುತ್ತಿತ್ತು. ಮೇಲೆ ಮಾತ್ರ ಬಿಳಿ ಬೇರು ಇನ್ನೂ ಉಳಿದಿತ್ತು. ಅವಳು ಕೊಳೆತದ್ದನ್ನು ತೆಗೆದು, ಹೊಸ ಕುಂಡಕ್ಕೆ ತನ್ನ ಮಿಶ್ರಣ ತುಂಬಿ, ಗಿಡ ಕೂರಿಸಿ, ಸುತ್ತ ಮತ್ತೆ ತುಂಬಿದಳು. ಕೈಯಿಂದ ಒತ್ತಲಿಲ್ಲ. ಒಂದೇ ಸಲ ನೀರು ಹೊಯ್ದಳು, ನೀರು ಕೂಡಲೇ ಅಡಿಯಿಂದ ಇಳಿದುಹೋಯಿತು. ಹೆಲೆನ್ ತೋಳು ಕಟ್ಟಿ ನಿಂತು ನೋಡುತ್ತಿದ್ದಳು, ಮುಖದಲ್ಲಿ ನಂಬಿಕೆಯೇನೂ ಕಾಣಲಿಲ್ಲ. ಇಷ್ಟು ಬೇಗ ಒಣಗುವ ಮಣ್ಣಿನಲ್ಲಿ ಈ ಸೋತ ಗಿಡ ತಡೆದೀತೇ ಎಂದು ಕೇಳಿದಳು.

ಸುಪ್ರೀತಾ ಬಾಗಿಲ ಕಡೆ ತಿರುಗಿದಳು. "ಪಪ್ಪ, ಘಟ್ಟದಲ್ಲಿ ನೀವು ಕಿತ್ತ ಗಿಡಗಳೆಲ್ಲ ಎಂಥಾ ಮಣ್ಣಲ್ಲಿ ಇದ್ದದ್ದು?"

ನಿನ್ನೆಯಿಂದ ಹೊಳೆಯದೆ ಕಾಡುತ್ತಿದ್ದದ್ದು ಆಗ ಹೊಳೆಯಿತು. "ಇಳಿಜಾರಿನಲ್ಲಿ ಮಗಾ. ಬರೀ ಹರಳು ಕಲ್ಲು. ಎಷ್ಟು ಮಳೆ ಬಂದ್ರೂ ಹನಿ ನಿಲ್ಲುವುದಿಲ್ಲ. ಬೇರು ಬೆಳ್ಳಗೆ, ಮಾರುದ್ದ. ಒಬ್ಬನೇ ಒಬ್ಬ ತಗ್ಗಿನ ಗದ್ದೆಯಲ್ಲಿ ಹಾಕಿದ್ದ. ನಾವು ಹೋಗುವುದರೊಳಗೆ ಅವನ ಗಿಡ ಪೂರಾ ಕೊಳೆತಿತ್ತು. ಪಾಪ, ಅವನ ಮೇಲೆ ಕೇಸೂ ಹಾಕ್ಲಿಲ್ಲ."

ಅವಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ನಿಮ್ಮ ತಂದೆಯೂ ಬೆಳೆಸುತ್ತಿದ್ದರಾ ಎಂದು ಹೆಲೆನ್ ಕೇಳಿದಳು. ಇಲ್ಲ, ಅವರು ಹಿಡಿಯುವ ಇಲಾಖೆಯವರು ಎಂದಳು ಸುಪ್ರೀತಾ. ಲಿಯಾಮ್ ಶುರುಮಾಡಿದ ನಗು ಎಲ್ಲರಿಗೂ ಹತ್ತಿತು. ಹೆಲೆನ್ ಹೊರಗೆ ಬಂದು ಸಾಲ್ಯಾನರ ಕೈ ಕುಲುಕಿ, ಗಿಡದ ಕಥೆ ಏನಾಗುತ್ತದೋ ಗೊತ್ತಿಲ್ಲ, ಆದರೆ ಇಂಥ ಕೈ ಇರುವವರು ನನ್ನ ಬಳಿ ಬೇರೆ ಯಾರೂ ಇಲ್ಲ ಎಂದಳು. ಸಾಲ್ಯಾನರು ಹಳೆಯ ಅಭ್ಯಾಸದಲ್ಲಿ ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತು "ಥ್ಯಾಂಕ್ಯೂ ಮೇಡಂ" ಎಂದರು.

ಸಿಡ್ನಿಗೆ ಮರಳಿದ ಮರುದಿನ ಬೆಳಿಗ್ಗೆ ಪಾರ್ಕಿನ ಬೆಂಚಿನಲ್ಲಿ ಪಂಚಾಕ್ಷರಯ್ಯನವರು ಮಫ್ಲರ್ ಸುತ್ತಿಕೊಂಡು, ಕೆಮ್ಮುತ್ತಾ ಕಾದಿದ್ದರು.

"ತಂದ್ರಾ?"

ಸಾಲ್ಯಾನರು ಜೇಬಿನಿಂದ ಬಾಟಲಿ ತೆಗೆದರು. ಕೊಡಬೇಕು, ಅಷ್ಟೇ ಕೆಲಸ. ಅವರು ಕೈ ಚಾಚಿದ್ದರು ಕೂಡ. ಆದರೆ ಈ ಬಾಟಲಿಯನ್ನು ಕೊಟ್ಟರೆ, ನಿನ್ನೆ ಮೊನ್ನೆ ಕಣ್ಣಾರೆ ಕಂಡದ್ದನ್ನು ಇವರಿಗೆ ಎಂದೂ ಹೇಳುವಂತಿಲ್ಲ. ಆ ಎರಡು ಬೆರಳು, ಆ ಅಂಗೈ, ಕಳಚಿದ ಕುಂಡ, ಹೆಲೆನ್ ಅಂದ ಮಾತು ಎಲ್ಲವನ್ನೂ ನುಂಗಿಕೊಂಡು, ಬದುಕಿರುವಷ್ಟು ದಿನ ಕೆಮ್ಮಿನ ಸಿರಪ್ಪಿನ ಬಗ್ಗೆ ಮಾತಾಡಬೇಕು. ಅದು ಅವರಿಂದ ಆಗುವ ಕೆಲಸವಾಗಿರಲಿಲ್ಲ.

"ಇದು ಕೆಮಿಸ್ಟ್ ಶಾಪಿನದ್ದು ಸರ್. ನನ್ನ ಮಗಳು ಮಾಡಿದ್ದಲ್ಲ. ಅವಳು ಬೆಳೆಸುವುದು ಗಾಂಜಾ."

ಪಂಚಾಕ್ಷರಯ್ಯನವರ ಕೆಮ್ಮು ನಿಂತಿತು. ಸಾಲ್ಯಾನರು ಎಲ್ಲವನ್ನೂ ಹೇಳಿದರು. ಲೈಸೆನ್ಸು, ಬೇಲಿ, ಡಾಕ್ಟರ ಚೀಟಿ, ತಾಯಿ ಗಿಡ, ಕೊಳೆತ ಬೇರು, ಬಿಳಿ ಹರಳು. ಹೇಳುತ್ತಾ ಹೇಳುತ್ತಾ ದನಿ ಏರಿತು, ಕೈಯಲ್ಲಿದ್ದ ಸಿರಪ್ ಬಾಟಲಿಯನ್ನೇ ಗಿಡದ ಹಾಗೆ ಎರಡು ಬೆರಳಲ್ಲಿ ಹಿಡಿದು ತೋರಿಸಿದರು.

"ಅಲ್ರೀ," ಎಂದರು ಪಂಚಾಕ್ಷರಯ್ಯನವರು. "ಫೋಟೋದಲ್ಲಿ ಗುಡ್ಡೆ ಹಾಕಿದ್ದೀರಲ್ಲ, ಅದೇ ಗಿಡಾನಾ?"

"ಅದೇ. ಕೀಳುವುದು ಹೇಗೆ ಅಂತ ನಾನು ಕಲಿಸಿದ್ದು. ಬದುಕಿಸುವುದು ಅವಳೇ ಕಲಿತದ್ದು."

ಪಂಚಾಕ್ಷರಯ್ಯನವರು ಬಾಟಲಿ ಇಸಿದುಕೊಂಡು, ಮುಚ್ಚಳದಲ್ಲಿ ಅಳೆದು ಕುಡಿದು, ಬಾಯಿ ಒರೆಸಿಕೊಂಡರು. "ಅದಿರಲಿ. ಗಿಡ ಬದುಕ್ತಾ?"

"ಗೊತ್ತಿಲ್ಲ ಸರ್."

ಅಲ್ಲಿಂದ ಮುಂದೆ ಪಂಚಾಕ್ಷರಯ್ಯನವರು ಗುಡ್ ಮಾರ್ನಿಂಗ್ ಹೇಳುವುದನ್ನು ಬಿಟ್ಟು "ಏನಂತೆ ಗಿಡ?" ಎಂದೇ ದಿನ ಶುರುಮಾಡಿದರು. ಅವರ ಹೆಂಡತಿ ಪುಟ್ಟಮ್ಮನವರು ಮನೆದೇವರಿಗೆ ಒಂದು ತೆಂಗಿನಕಾಯಿ ಹರಸಿಕೊಂಡರು, ಯಾವ ಗಿಡವೆಂದು ಗಂಡ ಪೂರ್ತಿ ಬಿಡಿಸಿ ಹೇಳಿದ್ದರೋ ಇಲ್ಲವೋ. ವಾರ ಕಳೆದರೂ ಸುದ್ದಿಯಿಲ್ಲ. ಫೋನ್ ಮಾಡಿದರೆ ಸುಪ್ರೀತಾ "ಇನ್ನೂ ಹಾಗೇ ಉಂಟು ಪಪ್ಪ" ಎನ್ನುತ್ತಿದ್ದಳು. ಸಾಲ್ಯಾನರು ಹಾಲ್‌ನಲ್ಲಿದ್ದ ಹಳೆಯ ಫೋಟೋದ ಮುಂದೆ ನಿಂತು, ಅಷ್ಟು ಸಾವಿರ ಗಿಡ ಕಿತ್ತವನಿಗೆ ಒಂದು ಗಿಡ ಉಳಿಸಿ ಕೊಡು ಎಂದು ದೈವವನ್ನು ಕೇಳುವುದು ಸರಿಯೋ ಎಂದು ಯೋಚಿಸಿದರು. ಆದರೂ ಕೇಳಿದರು.

ಎರಡನೆಯ ವಾರದ ಕೊನೆಗೆ, ಪಾರ್ಕಿಗೆ ಹೋಗುವ ಹೊತ್ತಿಗೆ ಸರಿಯಾಗಿ ಫೋನ್ ಬಂತು. ಒಳಗಿಂದ ಫೋಟೋ ತರುವಂತಿಲ್ಲ, ಮಾತಿನಲ್ಲೇ ಹೇಳಿದಳು. "ಎದ್ದು ನಿಂತಿದೆ ಪಪ್ಪ. ಎಲ್ಲಾ ಕೊಂಬೆಯಲ್ಲೂ ಹೊಸ ಚಿಗುರು. ಬೇರು ನೋಡ್ಬೇಕಿತ್ತು ನೀವು, ಅಷ್ಟು ಬಿಳಿ. ಇನ್ನು ಮೇಲೆ ಎಲ್ಲಾ ಗಿಡಗಳಿಗೂ ನನ್ನ ಮಣ್ಣೇ ಅಂತ ಹೆಲೆನ್ ಹೇಳಿದ್ರು." ಆಮೇಲೆ ಅವಳು ಅತ್ತಳು, ಸಾಲ್ಯಾನರು ಫೋನನ್ನು ವಿನೋದಾ ಕೈಗೆ ಕೊಟ್ಟು ಚಪ್ಪಲಿಯಲ್ಲೇ ಹೊರಟುಬಿಟ್ಟರು.

ಬೆಂಚಿನ ಹತ್ತಿರ ಹೋಗಿ ಅವರು ತಲೆ ಆಡಿಸಿದ್ದಷ್ಟೆ, ಪಂಚಾಕ್ಷರಯ್ಯನವರಿಗೆ ಅರ್ಥವಾಯಿತು. ಹೆಡ್‌ಮಾಸ್ಟರ ಗಂಟಲು ಈಗ ಕೆಮ್ಮು ಬಿಟ್ಟು ಸ್ವಚ್ಛವಾಗಿತ್ತು. ಅವರು ಎದ್ದು ನಿಂತು, ಪಾರ್ಕಿನ ಆ ತುದಿಯಲ್ಲಿ ನಡೆಯುತ್ತಿದ್ದ ಕನ್ನಡದ ಗೆಳೆಯರಿಗೆಲ್ಲ ಕೇಳುವ ಹಾಗೆ, ಪ್ರಾರ್ಥನೆಯ ಹೊತ್ತಿನ ದನಿಯಲ್ಲಿ ಸಾರಿದರು:

"ನಮ್ಮ ಸಾಲ್ಯಾನರ ಮಗಳ ಗಾಂಜಾ ಗಿಡ ಬದುಕ್ತು ಕಣ್ರಪ್ಪಾ."

ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಪಂಜಾಬಿ ಆಂಟಿ ಥಟ್ಟನೆ ನಿಂತು ತಿರುಗಿ ನೋಡಿದರು. ಅವರಿಗೆ ಕನ್ನಡ ಬರುವುದಿಲ್ಲ, ಆದರೆ ಗಾಂಜಾ ಎಂಬ ಮಾತು ಯಾರಿಗೆ ತಿಳಿಯದು. ತಿಂಗಳ ಹಿಂದೆ ಆಗಿದ್ದರೆ ಸಾಲ್ಯಾನರು ಬೆಂಚಿನಡಿ ಸೇರಿಕೊಳ್ಳುತ್ತಿದ್ದರೋ ಏನೋ. ಈಗ ಅವರು ಫೋಟೋದಲ್ಲಿ ನಿಂತ ಹಾಗೆಯೇ ಎದೆಯುಬ್ಬಿಸಿ ನಿಂತು, ತಮಗೆ ಬರುವ ಹಿಂದಿಯಲ್ಲಿ ಆಕೆಗೆ ಹೇಳಿದರು:

"ಮೇರಿ ಬೇಟಿ ಕಾ ಹೈ ಜೀ. ಲೈಸೆನ್ಸ್ ಹೈ."